ಬೆಣಚುಕಲ್ಲಿನ ದೂಳು, ಟಿಬಿ ಮತ್ತು ಕೀಲುನೋವು

ಹಟ್ಟಿಯಲ್ಲಿ ಚಿನ್ನ ಸಿಗುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಪದರಗಳ ನಡುನಡುವೆ ಅದೇ ಬೆಣಚುಕಲ್ಲು ಸೇರಿಕೊಂಡಿದೆ. ಕುಷ್ಟಗಿ ಕಡೆಯ ಗ್ರಾನೈಟಿನಲ್ಲೂ ಅದು ಇದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಕಲ್ಲು ಕೊರೆದು, ಸೀಳಿ, ಕ್ರಷರಿಗೆ ಹಾಕಿ ಹೊಟ್ಟೆ ಹೊರೆಯುವ ಮನೆಗಳಿವೆ. ಈ ಕೆಲಸದಲ್ಲಿ ಏಳುವ ದಪ್ಪ ದೂಳು ಬಹುಮಟ್ಟಿಗೆ ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ. ಸೀನಿದಾಗ, ಕೆಮ್ಮಿದಾಗ ಆಚೆ ಬರುತ್ತದೆ. ಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲೂ ಇಲ್ಲದ ಕಣಗಳು ಮಾತ್ರ ಶ್ವಾಸಕೋಶದ ತಳ ಮುಟ್ಟುತ್ತವೆ. ಬರಿಗಣ್ಣಿಗೆ ಕಾಣದ ಈ ದೂಳೇ ಅಪಾಯಕಾರಿ.

ಪದೇ ಪದೇ ಹುಷಾರು ತಪ್ಪುವವರನ್ನು ನೋಡಿ ನಮ್ಮ ಕಡೆ 'ಮೈಯಾಗ ಪವರ್ ಕಮ್ಮಿ ಆಗ್ಯದ' ಅನ್ನುತ್ತಾರೆ. ಕೊರೊನಾ ಬಂದ ಮೇಲೆ ಇದಕ್ಕೆ 'ಇಮ್ಯುನಿಟಿ' ಅನ್ನುವ ಹೆಸರೂ ಸಿಕ್ಕಿತು. ಅದನ್ನು ಹೆಚ್ಚಿಸುತ್ತೇವೆ ಅನ್ನುವ ಪೌಡರು, ಕಷಾಯದ ಬಾಟಲಿ ಊರೂರಿಗೆ ಬಂದವು. ಈ ಮಾತಿನ ಹಿಂದೆ ಒಂದು ಲೆಕ್ಕ ಇದೆ: ದೇಹದ ರಕ್ಷಣೆ ಒಂದೇ ವಸ್ತು, ಅದು ಕಡಿಮೆಯಾದರೆ ರೋಗ, ಜಾಸ್ತಿಯಾದರೆ ಆರೋಗ್ಯ. ಈ ಲೆಕ್ಕ ತಪ್ಪು. ಒಂದೇ ಮೈಯಲ್ಲಿ ರಕ್ಷಣೆ ಒಂದು ಕಡೆ ಸೋತು, ಇನ್ನೊಂದು ಕಡೆ ಅತಿಯಾಗಿ ಹರಿಹಾಯಬಹುದು. ಬೆಣಚುಕಲ್ಲಿನ ದೂಳು ಮಾಡುವುದು ಸರಿಯಾಗಿ ಇದನ್ನೇ.

ಶ್ವಾಸಕೋಶದ ತಳದಲ್ಲಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ಹೊರಗಿನಿಂದ ಏನೇ ಬಂದರೂ ನುಂಗಿ ಜೀರ್ಣಿಸುವುದು ಅವುಗಳ ಕೆಲಸ. ನುಂಗುವ ಕೋಶಗಳ ಈ ಕೆಲಸವನ್ನು ಮೊದಲು ಗುರುತಿಸಿದ್ದು ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಅವರು ನಕ್ಷತ್ರಮೀನಿನ ಮರಿಯೊಳಗೆ ಒಂದು ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಅದೇ ವರ್ಷದ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಟಿಬಿ ಕ್ರಿಮಿಯನ್ನು ಕಂಡುಹಿಡಿದಿದ್ದನ್ನು ಪ್ರಕಟಿಸಿದ್ದರು.

ಮ್ಯಾಕ್ರೋಫೇಜ್ ಬೆಣಚುಕಲ್ಲಿನ ಕಣವನ್ನೂ ನುಂಗುತ್ತದೆ. ಆದರೆ ಕಲ್ಲು ಜೀರ್ಣವಾಗುವುದಿಲ್ಲ. ಕೋಶದೊಳಗಿನ ಜೀರ್ಣರಸದ ಚೀಲವೇ ಹರಿದುಹೋಗುತ್ತದೆ, ಕೋಶ ಸಾಯುತ್ತದೆ. ಕಣ ಮಾತ್ರ ಇದ್ದಂತೆಯೇ ಹೊರಬೀಳುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ಅದನ್ನು ನುಂಗಿ ತಾನೂ ಸಾಯುತ್ತದೆ. ಕೆಲಸ ಬಿಟ್ಟು ವರ್ಷಗಳಾದರೂ ಇದು ನಿಲ್ಲದಿರಬಹುದು. ಪ್ರತಿ ಸಾವಿನ ಜೊತೆ ಉರಿಯೂತ, ಅದರ ಹಿಂದೆ ಗಾಯದ ಗಂಟು. ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಹೀಗೆ ಗಟ್ಟಿಯಾದದ್ದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಈಗ ಅಲ್ಲಿಗೆ ಟಿಬಿ ಕ್ರಿಮಿ ಬಂತು ಅನ್ನಿ. ಅದು ಮೊದಲೇ ಹಟಮಾರಿ. ಮ್ಯಾಕ್ರೋಫೇಜ್ ನುಂಗಿದರೂ ಜೀರ್ಣವಾಗದೆ ಅದರೊಳಗೇ ಬೀಡು ಬಿಡುತ್ತದೆ. ಆರೋಗ್ಯವಂತ ದೇಹ ಅದನ್ನು ಪೂರ್ತಿ ಕೊಲ್ಲಲಾಗದಿದ್ದರೆ ಸುತ್ತ ಕೋಶಗಳನ್ನು ನಿಲ್ಲಿಸಿ ಕೂಡಿಹಾಕುತ್ತದೆ. ಹೊಲಕ್ಕೆ ಹಾಕುವ ಜಾಲಿಮುಳ್ಳಿನ ಬೇಲಿ ಇದ್ದ ಹಾಗೆ ಇದು. ಒಮ್ಮೆ ಹಾಕಿದರೆ ಮುಗಿಯಲಿಲ್ಲ. ಒಣಗಿ ಮುರಿದ ಕಂಟಿ ತೆಗೆದು ಹೊಸದನ್ನು ಒಡ್ಡುತ್ತಲೇ ಇರಬೇಕು. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಗೆ ಟಿಬಿ ಕ್ರಿಮಿ ಹೊಕ್ಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ರೋಗ ಕಾಣಿಸುವುದು ನೂರಕ್ಕೆ 5ರಿಂದ 10 ಜನರಿಗೆ ಮಾತ್ರ. ಉಳಿದವರ ಬೇಲಿ ಗಟ್ಟಿಯಾಗಿದೆ. ಸಿಲಿಕೋಸಿಸ್ ಇದ್ದವರಲ್ಲಿ ಬೇಲಿ ಕಾಯಬೇಕಾದ ಮ್ಯಾಕ್ರೋಫೇಜುಗಳೇ ಸಾಯುತ್ತಿರುತ್ತವೆ. ಅವರಿಗೆ ಟಿಬಿ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ.

ಇಷ್ಟೇ ಆಗಿದ್ದರೆ 'ಪವರ್ ಕಮ್ಮಿ' ಅನ್ನುವ ಮಾತನ್ನು ಒಪ್ಪಬಹುದಿತ್ತು. ಆದರೆ ಅದೇ ದೂಳು ಇನ್ನೊಂದು ಕೆಲಸವನ್ನೂ ಮಾಡುತ್ತದೆ. 1914ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಬೈರಮ್ ಬ್ರಾಮ್‌ವೆಲ್, ಚರ್ಮ ಕಲ್ಲಿನಂತೆ ಬಿಗಿಯಾಗುವ ರೋಗ ಕಲ್ಲುಕುಟಿಗರಲ್ಲಿ ಕಾಣಿಸುತ್ತಿರುವುದನ್ನು ಗಮನಿಸಿದ್ದರು. 1953ರಲ್ಲಿ ವೇಲ್ಸಿನ ಕಲ್ಲಿದ್ದಲು ಗಣಿ ಕೆಲಸಗಾರರಲ್ಲಿ ಆಂಥೊನಿ ಕಾಪ್ಲಾನ್ ಕಂಡದ್ದು ಎರಡು ತೊಂದರೆಗಳ ಜೋಡಿ: ಎಕ್ಸ್‌ರೇಯಲ್ಲಿ ಶ್ವಾಸಕೋಶದ ಗಂಟುಗಳು, ಜೊತೆಗೆ ಬಾತ ಕೀಲುಗಳು. ಆ ಕೀಲುನೋವು ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರಕ್ಷಣಾ ಕೋಶಗಳು ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ. ಬೆಣಚುಕಲ್ಲಿನಲ್ಲಿರುವ ಸಿಲಿಕಾ ಎಂಬ ವಸ್ತುವಿನ ದೂಳಿಗೂ ಈ ಸಂಧಿವಾತಕ್ಕೂ ನಂಟಿರುವುದನ್ನು ಮುಂದಿನ ಅಧ್ಯಯನಗಳು ತೋರಿಸಿದವು. ಸತ್ತ ಮ್ಯಾಕ್ರೋಫೇಜುಗಳಿಂದ ಸೋರಿದ ಕಿಣ್ವಗಳು ನಮ್ಮದೇ ಪ್ರೋಟೀನುಗಳ ರೂಪವನ್ನು ತುಸು ಬದಲಿಸುತ್ತವೆ. ಉರಿಯೂತ ಎದ್ದ ಜಾಗದಲ್ಲಿ ರಕ್ಷಣಾ ಕೋಶಗಳು ಅವನ್ನು ಪರಕೀಯ ಎಂದು ತಿಳಿದು ಪ್ರತಿಕಾಯ ತಯಾರಿಸುತ್ತವೆ.

ನೋಡಿ, ಒಬ್ಬನೇ ಕೆಲಸಗಾರ. ಟಿಬಿ ಎದುರು ಅವನ ರಕ್ಷಣೆ ಸೋತಿದೆ. ಅವನದೇ ಬೆರಳಿನ ಗೆಣ್ಣುಗಳ ಮೇಲೆ ಅದೇ ರಕ್ಷಣೆ ಎಗರಿ ಬಿದ್ದಿದೆ. ಇವನಿಗೆ ಯಾವ ಪೌಡರು ಕೊಟ್ಟು ಏನನ್ನು ಹೆಚ್ಚಿಸುವುದು?

ಇಲ್ಲಿಂದ ಮುಂದೆ ಆಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಕೀಲುನೋವಿಗೆ ಅವನು ಹೋಗುವುದು ಹತ್ತಿರದಲ್ಲಿ ಯಾರು ಸೂಜಿ ಮಾಡುತ್ತಾರೋ ಅವರ ಬಳಿ. ಆ ಸೂಜಿಯಲ್ಲಿ, ಗುಳಿಗೆಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ನೋವು ಸಂಜೆಯೊಳಗೆ ಇಳಿಯುತ್ತದೆ. ಹಸಿವೂ ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. 'ಮೈ ಹಿಡಿದಾನ' ಅಂತ ಮನೆಯವರಿಗೆ ಖುಷಿ. ಒಳಗೆ ಬೇಲಿಯ ಕಂಟಿಗಳು ಒಂದೊಂದೇ ಕಳಚುತ್ತಿರುತ್ತವೆ, ಏಕೆಂದರೆ ಕೀಲಿನ ಉರಿಯೂತ ತಗ್ಗಿಸುವ ಔಷಧಿ ಟಿಬಿ ಕ್ರಿಮಿಯನ್ನು ಹಿಡಿದಿಟ್ಟ ಕೋಶಗಳನ್ನೂ ತಗ್ಗಿಸುತ್ತದೆ. ಮೇಲಾಗಿ ಸ್ಟೀರಾಯ್ಡ್ ಜ್ವರವನ್ನೂ ಮುಚ್ಚಿಡುತ್ತದೆ, ಸಕ್ಕರೆ ಕಾಯಿಲೆಯನ್ನೂ ತರಬಹುದು. ಸಕ್ಕರೆ ಕಾಯಿಲೆ ಇದ್ದರಂತೂ ಟಿಬಿ ಅಪಾಯ ಎರಡು-ಮೂರು ಪಟ್ಟು ಏರುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧಿ ಅಂತ ಇದರ ಅರ್ಥವಲ್ಲ. ಸರಿಯಾದ ರೋಗಕ್ಕೆ, ಸರಿಯಾದ ಅಳತೆಯಲ್ಲಿ ಅದು ಜೀವ ಉಳಿಸುತ್ತದೆ. ಬಹಳ ದಿನ ತೆಗೆದುಕೊಂಡವರು ಇದನ್ನು ಓದಿ ಹೆದರಿ ದಿಢೀರನೆ ನಿಲ್ಲಿಸಲೂಬಾರದು. ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಕೆಯನ್ನು ಕಡಿಮೆ ಮಾಡಿಕೊಂಡಿರುತ್ತದೆ. ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಎಚ್‌ಐವಿಯ ದಾರಿ ಬೇರೆ. ಅದು ಮ್ಯಾಕ್ರೋಫೇಜುಗಳಿಗೆ ಹುರುಪು ಕೊಡುವ ಸಿಡಿ4 ಕೋಶಗಳನ್ನು ಹಾಳುಮಾಡುತ್ತದೆ. ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 500ರಿಂದ 1500 ಇರಬೇಕಾದ ಇವು 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ. ಸೋಜಿಗವೆಂದರೆ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಶುರು ಮಾಡಿ ಸಿಡಿ4 ಮತ್ತೆ ಏರತೊಡಗಿದಾಗ ಕೆಲವರಿಗೆ ಜ್ವರ ಬರುತ್ತದೆ, ಕುತ್ತಿಗೆಯ ಗಡ್ಡೆ ಬಾಯುತ್ತದೆ. ಅಡಗಿದ್ದ ಟಿಬಿಯನ್ನು ಮರಳಿ ಬಂದ ರಕ್ಷಣೆ ಗುರುತಿಸಿ ಒಮ್ಮೆಲೇ ಮುಗಿಬೀಳುವುದರಿಂದ ಹೀಗಾಗುತ್ತದೆ. ಗುಳಿಗೆ ಆಗಿಬರಲಿಲ್ಲ ಅಂದುಕೊಂಡು ಅಲ್ಲಿಗೇ ಬಿಟ್ಟುಬಿಡುವುದು ದೊಡ್ಡ ಅನಾಹುತ. ರಕ್ಷಣೆ ಚೇತರಿಸಿಕೊಳ್ಳುತ್ತಿರುವಾಗಲೇ ಮನುಷ್ಯ ಮಲಗಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮಕ್ಕಳ ದಡಾರ ಇನ್ನೊಂದು ಬಗೆ. ಅದು ಹಿಂದಿನ ಸೋಂಕುಗಳ ನೆನಪು ಇಟ್ಟುಕೊಂಡ ಕೋಶಗಳನ್ನೇ ಅಳಿಸುತ್ತದೆ. ದಡಾರ ವಾಸಿಯಾದ ಮೇಲೂ ಆ ಮಗುವಿಗೆ ಬೇರೆ ಸೋಂಕುಗಳು ಸುಲಭವಾಗಿ ತಗಲುತ್ತವೆ. ಲಸಿಕೆ ಇದನ್ನು ತಪ್ಪಿಸುತ್ತದೆ.

ಕಲ್ಲಿನ ಕೆಲಸಕ್ಕೆ ಮರಳೋಣ. ಕೊರೆಯುವಾಗ ನೀರು ಹಾಯಿಸಿದರೆ ದೂಳು ಎಷ್ಟೋ ಕಡಿಮೆ ಏಳುತ್ತದೆ. ಮುಖಕ್ಕೆ ಸುತ್ತಿದ ಟವೆಲ್ಲು ಸಣ್ಣ ಕಣಗಳನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಬೇಕು. ಸಿಲಿಕೋಸಿಸ್ ಕಾನೂನಿನಲ್ಲಿ ವರದಿ ಮಾಡಲೇಬೇಕಾದ ಕಾಯಿಲೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಟಿಬಿ ಗುಳಿಗೆಯೂ ಪುಕ್ಕಟೆ, ಚಿಕಿತ್ಸೆ ನಡೆಯುವಷ್ಟು ದಿನ ಊಟಕ್ಕೆಂದು ತಿಂಗಳಿಗೆ 1000 ರೂಪಾಯಿ ಬರುತ್ತದೆ. ಡಾಕ್ಟರ ಎದುರು ಕೂತಾಗ ಅವರು ಕೇಳದಿದ್ದರೂ ಮೂರು ಸಂಗತಿ ಹೇಳಿಬಿಡಿ: ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದಿರಿ, ಕೀಲುಗಳು ಬೆಳಿಗ್ಗೆ ಎಷ್ಟು ಹೊತ್ತು ಬಿಗಿದಿರುತ್ತವೆ, ಈವರೆಗೆ ಯಾವ ಸೂಜಿ, ಯಾವ ಗುಳಿಗೆ ತೆಗೆದುಕೊಂಡಿದ್ದೀರಿ. ಹಳೆಯ ಚೀಟಿ, ಖಾಲಿಯಾದ ಗುಳಿಗೆ ಪಟ್ಟಿ ಇದ್ದರೆ ಅದನ್ನೂ ಒಯ್ಯಿರಿ.