ಬ್ರೀಜ್‌ವುಡ್ ಬಳಿಯ ಪಾಳು ಹೆದ್ದಾರಿ: ಗಟ್ಟಿಮುಟ್ಟಾದ ಸುರಂಗಗಳನ್ನು ಏಕೆ ಬಿಟ್ಟುಹೋದರು?

ಪ್ರಶ್ನೆ: ನ್ಯೂಜೆರ್ಸಿಯಿಂದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹೋಗುವಾಗ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿಯಲ್ಲಿ ಬ್ರೀಜ್‌ವುಡ್ ಎಂಬ ಊರು ಸಿಗುತ್ತದೆ. ಅದರ ಹತ್ತಿರದ ಕಾಡಿನಲ್ಲಿ ಹಳೆಯ ಹೆದ್ದಾರಿಯೂ ಅದರ ಎರಡು ಸುರಂಗಗಳೂ ಬಳಕೆಯಿಲ್ಲದೆ ಬಿದ್ದಿವೆಯಂತೆ. ಚೆನ್ನಾಗಿದ್ದ ರಸ್ತೆಯನ್ನು ಏಕೆ ಬಿಟ್ಟರು? ಈಗ ಅದರೊಳಗೆ ನಡೆದು ನೋಡಬಹುದೇ?

ಉತ್ತರ: ನೋಡಬಹುದು, ಆ ವಿವರಕ್ಕೆ ಮುಂದೆ ಬರುತ್ತೇನೆ. ಆದರೆ ಏಕೆ ಬಿಟ್ಟರು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದನ್ನು ತಿಳಿಯದೆ ಒಳಗೆ ಹೋದವರ ಕಣ್ಣಿಗೆ ಬೀಳುವುದು ಗೋಡೆಗಳ ಮೇಲೆ ಬಳಿದ ಬಣ್ಣದ ಬರಹ, ಬಿರುಕುಬಿಟ್ಟ ರಸ್ತೆ ಮತ್ತು ಕತ್ತಲು ಮಾತ್ರ. ಆ ಸುರಂಗಗಳು ಕುಸಿಯಲಿಲ್ಲ, ರಸ್ತೆ ಕೊಚ್ಚಿಹೋಗಲಿಲ್ಲ, ಸಂಚಾರವೂ ಕಡಿಮೆಯಾಗಲಿಲ್ಲ. ಅವುಗಳನ್ನು ಬಿಟ್ಟದ್ದು ವಾಹನಗಳು ಎಣಿಕೆಗೆ ಮೀರಿ ಬಂದವು ಎಂಬ ಕಾರಣಕ್ಕೆ. ಇನ್ನೂ ಹಿಂದಕ್ಕೆ ಹೋಗಿ ಹೇಳುವುದಾದರೆ, ಬೆಟ್ಟದಲ್ಲಿ ಆ ರಂಧ್ರಗಳನ್ನು ಕೊರೆಯಲು ಆರಂಭಿಸಿದ ಕಾಲದಲ್ಲಿ ಯಾರ ಮನಸ್ಸಿನಲ್ಲೂ ಮೋಟಾರು ಕಾರು ಇರಲಿಲ್ಲ, ಇದ್ದದ್ದು ರೈಲು.

ಕಥೆ 1880ರ ದಶಕದಲ್ಲಿ ಆರಂಭವಾಗುತ್ತದೆ. ಆಗ ಅಮೆರಿಕದ ಪೂರ್ವ ಭಾಗದಲ್ಲಿ ಎರಡು ದೊಡ್ಡ ರೈಲು ಕಂಪನಿಗಳ ನಡುವೆ ತೀವ್ರ ಪೈಪೋಟಿ ನಡೆದಿತ್ತು. ನ್ಯೂಯಾರ್ಕ್ ಸೆಂಟ್ರಲ್ ರೈಲ್‌ರೋಡ್‌ನ ಒಡೆಯ ವಿಲಿಯಂ ಹೆನ್ರಿ ವ್ಯಾಂಡರ್‌ಬಿಲ್ಟ್, ತನ್ನ ಪ್ರತಿಸ್ಪರ್ಧಿಯಾದ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ನೆಲದಲ್ಲಿಯೇ ಅದಕ್ಕೆ ಎದುರಾಗಿ ಮತ್ತೊಂದು ಮಾರ್ಗವನ್ನು ಹಾಕಲು ಹೊರಟನು. ಆ ಕಂಪನಿಯ ಸರಕು ಸಾಗಣೆ ದರಗಳಿಂದ ಬೇಸತ್ತಿದ್ದ ಪಿಟ್ಸ್‌ಬರ್ಗ್‌ನ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಈ ಸಾಹಸದಲ್ಲಿ ಜೊತೆಗೂಡಿದನು. ಸೌತ್ ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಂಬ ಹೆಸರಿನ ಈ ಮಾರ್ಗವು ಆಲಿಘೆನಿ ಬೆಟ್ಟಸಾಲುಗಳನ್ನು ಒಂಬತ್ತು ಸುರಂಗಗಳ ಮೂಲಕ ದಾಟಬೇಕಿತ್ತು. ಸಾವಿರಾರು ಕೂಲಿಕಾರರು ಬೆಟ್ಟಗಳನ್ನು ಎರಡೂ ಬದಿಗಳಿಂದ ಕೊರೆಯುತ್ತಿದ್ದಾಗಲೇ, 1885ರಲ್ಲಿ, ಬ್ಯಾಂಕರ್ ಜೆ. ಪಿ. ಮಾರ್ಗನ್ ಎರಡೂ ಕಂಪನಿಗಳ ನಡುವೆ ರಾಜಿ ಮಾಡಿಸಿದನು. ಅದೇ ಸೆಪ್ಟೆಂಬರ್‌ನಲ್ಲಿ ಕೆಲಸ ನಿಂತುಹೋಯಿತು. ಒಂದೇ ಒಂದು ರೈಲೂ ಓಡದ ಆ ಮಾರ್ಗಕ್ಕೆ ಜನರು 'ವ್ಯಾಂಡರ್‌ಬಿಲ್ಟನ ಮೂರ್ಖತನ' ಎಂದು ಹೆಸರಿಟ್ಟರು. ಅರ್ಧಂಬರ್ಧ ಕೊರೆದ ಸುರಂಗಗಳಲ್ಲಿ ಮುಂದಿನ 50 ವರ್ಷ ನೀರು ತುಂಬಿಕೊಂಡಿತು.

ಆ ಸುರಂಗಗಳಿಗೆ ಮರುಜೀವ ಕೊಟ್ಟದ್ದು 1930ರ ದಶಕದ ಮಹಾ ಆರ್ಥಿಕ ಕುಸಿತ. ನಿರುದ್ಯೋಗಿಗಳಿಗೆ ಕೆಲಸ ಒದಗಿಸಲು ಒಕ್ಕೂಟ ಸರ್ಕಾರವು ದೊಡ್ಡ ನಿರ್ಮಾಣ ಯೋಜನೆಗಳಿಗೆ ಹಣ ಕೊಡುತ್ತಿದ್ದ ಕಾಲ ಅದು. ಸಿದ್ಧವಾಗಿ ಬಿದ್ದಿರುವ ರೈಲು ಸುರಂಗಗಳನ್ನೇ ಬಳಸಿಕೊಂಡು ಬೆಟ್ಟಸಾಲುಗಳ ಮೂಲಕ ಸುಂಕದ ಹೆದ್ದಾರಿಯೊಂದನ್ನು ಏಕೆ ನಿರ್ಮಿಸಬಾರದು ಎಂಬ ಯೋಚನೆ ಪೆನ್ಸಿಲ್ವೇನಿಯಾದಲ್ಲಿ ಮೂಡಿತು. 1937ರಲ್ಲಿ ಟರ್ನ್‌ಪೈಕ್ ಆಯೋಗ ರಚನೆಯಾಯಿತು, 1938ರ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು, 1940ರ ಅಕ್ಟೋಬರ್ 1ರಂದು ಪೂರ್ವದ ಕಾರ್ಲೈಲ್‌ನಿಂದ ಪಿಟ್ಸ್‌ಬರ್ಗ್ ಬಳಿಯ ಅರ್ವಿನ್‌ವರೆಗಿನ 160 ಮೈಲಿ, ಅಂದರೆ ಸುಮಾರು 257 ಕಿಲೋಮೀಟರ್ ರಸ್ತೆ ಸಂಚಾರಕ್ಕೆ ತೆರೆಯಿತು. ಎರಡು ವರ್ಷವೂ ತುಂಬದ ಅವಧಿಯಲ್ಲಿ ಇಷ್ಟು ಉದ್ದದ ಬೆಟ್ಟದ ರಸ್ತೆ ಸಿದ್ಧವಾದದ್ದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಹಳೆಯ ರೈಲು ಸುರಂಗಗಳ ಪೈಕಿ ಆರನ್ನು ಅಗಲಗೊಳಿಸಿ, ಕಾಂಕ್ರೀಟ್ ಹೊದಿಕೆ ಹಾಕಿ ಬಳಸಿಕೊಂಡರು. ಆಲಿಘೆನಿ ಬೆಟ್ಟದಲ್ಲಿ ಮಾತ್ರ ಹಳೆಯ ರಂಧ್ರ ಸುರಕ್ಷಿತವಲ್ಲವೆಂದು ಪಕ್ಕದಲ್ಲಿ ಹೊಸದನ್ನು ಕೊರೆದರು. ಹೀಗೆ ಒಟ್ಟು ಏಳು ಸುರಂಗಗಳಾದವು.

ನಿಮ್ಮ ಪ್ರಶ್ನೆಯ ಬೀಜ ಇಲ್ಲಿಯೇ ಇದೆ. ಹೊರಗಿನ ರಸ್ತೆ ನಾಲ್ಕು ಲೇನುಗಳದು. ಬರುವ ಮತ್ತು ಹೋಗುವ ವಾಹನಗಳ ನಡುವೆ 10 ಅಡಿ ಅಗಲದ ವಿಭಜಕವಿತ್ತು, ಎಲ್ಲಿಯೂ ಏರು ಶೇಕಡಾ 3ನ್ನು ಮೀರುತ್ತಿರಲಿಲ್ಲ, ದಾರಿಯುದ್ದಕ್ಕೂ ಒಂದು ಸಂಚಾರ ದೀಪವೂ ಒಂದು ಅಡ್ಡರಸ್ತೆಯೂ ಇರಲಿಲ್ಲ. ಆದರೆ ಸುರಂಗದೊಳಗೆ ಇದ್ದದ್ದು ಎರಡೇ ಲೇನು, ಹೋಗಲು ಒಂದು, ಬರಲು ಒಂದು, ನಡುವೆ ವಿಭಜಕವಿಲ್ಲ. ಅಗಲವಾದ ಹೆದ್ದಾರಿಯಲ್ಲಿ ವೇಗವಾಗಿ ಬಂದ ಕಾರು ಮತ್ತು ಲಾರಿಗಳು ಬೆಟ್ಟದ ಬುಡಕ್ಕೆ ಬಂದೊಡನೆ ಒಂದೇ ಸಾಲಿಗೆ ಸೇರಿಕೊಂಡು, ಎದುರಿನಿಂದ ಬರುವ ವಾಹನಗಳ ಪಕ್ಕದಲ್ಲಿಯೇ ಒಳಹೋಗಬೇಕಾಗಿತ್ತು. ನಾಲ್ಕು ಲೇನಿನ ಸುರಂಗಗಳನ್ನೇ ಆಗಲೇ ಏಕೆ ಕೊರೆಯಲಿಲ್ಲ ಎಂದು ಇಂದು ಕೇಳುವುದು ಸುಲಭ. ಆದರೆ ಅಷ್ಟು ಹಣವನ್ನೂ ಅಷ್ಟು ವರ್ಷಗಳನ್ನೂ ಬೇಡುವ ಯೋಜನೆಯಾಗಿದ್ದರೆ 1938ರಲ್ಲಿ ಅದಕ್ಕೆ ಒಪ್ಪಿಗೆಯೇ ಸಿಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ರೈಲಿನವರು ಬಿಟ್ಟುಹೋದ ರಂಧ್ರಗಳು ಕೈಗೆ ಸಿಕ್ಕಿದ್ದರಿಂದಲೇ ಈ ಹೆದ್ದಾರಿ ಹುಟ್ಟಿತು, ಮುಂದೆ ಅದರ ಉಸಿರು ಕಟ್ಟಿದ್ದೂ ಆ ರಂಧ್ರಗಳಲ್ಲಿಯೇ.

ಆರಂಭದಲ್ಲಿ ವರ್ಷಕ್ಕೆ 13 ಲಕ್ಷ ವಾಹನಗಳು ಬರಬಹುದೆಂದು ಅಂದಾಜು ಮಾಡಿದ್ದರೆ, ಬಂದವು 24 ಲಕ್ಷಕ್ಕೂ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟಯರು ಮತ್ತು ಪೆಟ್ರೋಲಿನ ಪಡಿತರದಿಂದ ಸಂಚಾರ ಕುಗ್ಗಿತಾದರೂ, ಯುದ್ಧ ಮುಗಿದ ಮೇಲೆ ಹೆದ್ದಾರಿಯು ಪೂರ್ವಕ್ಕೆ ಫಿಲಡೆಲ್ಫಿಯಾದ ಕಡೆಗೂ ಪಶ್ಚಿಮಕ್ಕೆ ಒಹಾಯೊ ಗಡಿಯವರೆಗೂ ಬೆಳೆದಾಗ ವಾಹನಗಳ ಹೊಳೆಯೇ ಹರಿದುಬಂತು. 1950ರ ದಶಕದ ಹೊತ್ತಿಗೆ ಬೇಸಿಗೆಯ ವಾರಾಂತ್ಯಗಳಲ್ಲಿ ಮತ್ತು ಹಬ್ಬದ ರಜೆಗಳಲ್ಲಿ ಸುರಂಗದ ಬಾಯಿಗಳ ಮುಂದೆ ಮೈಲಿಗಟ್ಟಲೆ ಸಾಲು ನಿಲ್ಲುವುದು ಸಾಮಾನ್ಯವಾಯಿತು. ಏಳೂ ಸುರಂಗಗಳಿಗೆ ಒಂದು ಪರಿಹಾರ ಕಂಡುಹಿಡಿಯದೆ ಆಯೋಗಕ್ಕೆ ಬೇರೆ ದಾರಿ ಇರಲಿಲ್ಲ.

ಪರಿಹಾರ ಎಲ್ಲ ಬೆಟ್ಟಗಳಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಲಿಘೆನಿ, ಟಸ್ಕರೋರಾ, ಕಿಟ್ಟಟಿನ್ನಿ ಮತ್ತು ಬ್ಲೂ ಮೌಂಟನ್ ಬೆಟ್ಟಗಳಲ್ಲಿ ಹಳೆಯ ಸುರಂಗದ ಪಕ್ಕದಲ್ಲಿ ಎರಡನೆಯದನ್ನು ಕೊರೆದು, ಒಂದೊಂದು ದಿಕ್ಕಿಗೆ ಒಂದೊಂದು ಸುರಂಗವನ್ನು ಬಿಟ್ಟುಕೊಟ್ಟರು. ನೀವು ಇಂದಿಗೂ ಅವುಗಳ ಮೂಲಕವೇ ಹೋಗುತ್ತೀರಿ. ಲಾರೆಲ್ ಹಿಲ್‌ನಲ್ಲಿ ಬೆಟ್ಟವನ್ನೇ ಆಳವಾಗಿ ಸೀಳಿ ಬಯಲು ರಸ್ತೆ ನಿರ್ಮಿಸುವುದು ಅಗ್ಗವೆಂದು ಕಂಡುಬಂದು, 1964ರಲ್ಲಿ ಅಲ್ಲಿನ ಸುರಂಗವನ್ನು ಮುಚ್ಚಿದರು. ರೇಸ್ ಹಿಲ್ ಮತ್ತು ಸೈಡ್‌ಲಿಂಗ್ ಹಿಲ್ ಎಂಬ ಬೆಟ್ಟಗಳು ಒಂದರ ಬೆನ್ನಿಗೆ ಒಂದಿವೆ. ಅಲ್ಲಿ ಎರಡು ಹೊಸ ಸುರಂಗಗಳನ್ನು ಕೊರೆಯುವ ಬದಲು ಎರಡೂ ಬೆಟ್ಟಗಳನ್ನು ಒಂದೇ ಹೊಸ ಬಯಲು ರಸ್ತೆಯಿಂದ ದಾಟಬಹುದಾಗಿತ್ತು. ಸೈಡ್‌ಲಿಂಗ್ ಹಿಲ್ ಸುರಂಗವಂತೂ 6,782 ಅಡಿ, ಅಂದರೆ ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಿದ್ದು, ಏಳರಲ್ಲಿ ಅತ್ಯಂತ ಉದ್ದದ್ದು. ಅದರ ಜೋಡಿಯನ್ನು ಕೊರೆಯುವ ಖರ್ಚನ್ನು ಎಣಿಸಿದವರಿಗೆ ಬಳಸುದಾರಿಯೇ ಲೇಸೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1968ರ ನವೆಂಬರ್ 26ರಂದು ಆ ಹೊಸ ದಾರಿ ತೆರೆಯಿತು. ಅಂದೇ ಸುಮಾರು 13 ಮೈಲಿ, ಅಂದರೆ 21 ಕಿಲೋಮೀಟರ್ ಹಳೆಯ ಹೆದ್ದಾರಿಯು ಎರಡು ಸುರಂಗಗಳನ್ನೂ ಕೋವ್ ವ್ಯಾಲಿ ಎಂಬ ವಿಶ್ರಾಂತಿ ತಾಣವನ್ನೂ ಹೊತ್ತುಕೊಂಡು ಕೆಲಸದಿಂದ ಹೊರಬಿದ್ದಿತು.

ಆದರೆ ಆಯೋಗ ಅದನ್ನು ಪೂರ್ತಿಯಾಗಿ ಮರೆಯಲಿಲ್ಲ. ವಾಹನಗಳಿಲ್ಲದ ನಿಜವಾದ ಹೆದ್ದಾರಿ ಸಿಗುವುದು ಅಪರೂಪವಾದ್ದರಿಂದ ಹೊಸ ಬಗೆಯ ರಸ್ತೆ ಮೇಲ್ಮೈಗಳನ್ನು ಅಲ್ಲಿ ಪರೀಕ್ಷಿಸಿದರು. ಚಾಲಕ ತೂಕಡಿಸಿ ಕಾರು ರಸ್ತೆಯ ಅಂಚಿಗೆ ಸರಿದಾಗ ಗರ್ ಎಂದು ಸದ್ದು ಮಾಡಿ ಎಚ್ಚರಿಸುವ ತೋಡುಪಟ್ಟಿಗಳನ್ನೂ ಆ ಆಯೋಗದವರು ಇಲ್ಲಿಯೇ ಪರೀಕ್ಷೆಗೆ ಒಳಪಡಿಸಿದರು. ದೂರದ ಪ್ರಯಾಣದಲ್ಲಿ ಅಂಥ ಪಟ್ಟಿಯ ಸದ್ದಿಗೆ ಬೆಚ್ಚಿ ಎಚ್ಚತ್ತವರಿಗೆ ಈ ಪಾಳು ರಸ್ತೆಯ ಋಣ ಸ್ವಲ್ಪವಾದರೂ ಇದೆ ಎನ್ನಬಹುದು. ಸೈನಿಕರ ತರಬೇತಿಗೂ ಈ ಜಾಗ ಬಳಕೆಯಾಗಿದೆ. 2001ರಲ್ಲಿ ಆಯೋಗವು ಹಳೆಯ ದಾರಿಯ ಸುಮಾರು 8.5 ಮೈಲಿ, ಅಂದರೆ 13 ಕಿಲೋಮೀಟರಿಗೂ ಹೆಚ್ಚು ಭಾಗವನ್ನು ಸದರ್ನ್ ಆಲಿಘೆನೀಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆಗೆ ಒಂದು ಡಾಲರಿಗೆ ಮಾರಿತು. ಅಲ್ಲಿಂದ ಮುಂದೆ ಇದು ನಡೆಯುವವರ ಮತ್ತು ಸೈಕಲ್ ಸವಾರರ ದಾರಿಯಾಯಿತು.

ಈಗ ನಡೆದು ನೋಡುವ ವಿಚಾರ. ಬ್ರೀಜ್‌ವುಡ್‌ನ ಹೋಟೆಲು ಮತ್ತು ಪೆಟ್ರೋಲ್ ಬಂಕುಗಳ ಸಾಲನ್ನು ದಾಟಿ, 30ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಟ್ಯಾನರಿ ರಸ್ತೆಯ ಬಳಿ ಕಾರು ನಿಲ್ಲಿಸಲು ಜಾಗವಿದೆ. ಅಲ್ಲಿಂದ ಒಂದು ಸಣ್ಣ ದಿಬ್ಬ ಹತ್ತಿದರೆ ಹಳೆಯ ಹೆದ್ದಾರಿಯ ಮೇಲೆಯೇ ಇರುತ್ತೀರಿ. ಬೆಳಗಿನಿಂದ ಸಂಜೆಯವರೆಗೆ ಮಾತ್ರ ಪ್ರವೇಶ, ಮೋಟಾರು ವಾಹನಗಳನ್ನು ಒಳಗೆ ಬಿಡುವುದಿಲ್ಲ. ಸೈಕಲ್ ಸವಾರರಿಗೆ ಹೆಲ್ಮೆಟ್ ಮತ್ತು ದೀಪ ಬೇಕೇ ಬೇಕು. ಒಳಗೆ ಹೋಗುವವರು ತಮ್ಮ ಹೊಣೆಯಲ್ಲಿಯೇ ಹೋಗಬೇಕೆಂಬ ಸೂಚನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ಸುರಂಗದೊಳಗೆ ದೀಪಗಳಿಲ್ಲ, ನೆಲದಲ್ಲಿ ಗುಂಡಿಗಳಿವೆ, ಗೋಡೆಯಿಂದ ಮತ್ತು ಚಾವಣಿಯಿಂದ ನೀರು ಜಿನುಗುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯ ಕಂಬಗಳಾಗಿ ತೂಗುತ್ತದೆ. ಮೊಬೈಲಿನ ಬೆಳಕನ್ನು ನಂಬಿ ಹೋಗಬೇಡಿ. ತಲೆಗೆ ಕಟ್ಟಿಕೊಳ್ಳುವ ದೀಪ, ಅದಲ್ಲದೆ ಇನ್ನೊಂದು ಟಾರ್ಚ್, ಹೊರಗೆ ಬಿಸಿಲಿದ್ದರೂ ಒಂದು ಸ್ವೆಟರ್ ಜೊತೆಗಿರಲಿ. ಸುರಂಗದ ಬಾಯಿಯ ಬಳಿ ಬಂದಾಗಲೇ ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ತಾಗುತ್ತದೆ.

ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ನಡೆದರೆ ಮೊದಲು ಸಿಗುವುದು ರೇಸ್ ಹಿಲ್ ಸುರಂಗ. ಇದರ ಉದ್ದ 3,532 ಅಡಿ, ಅಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಒಳಗೆ ಹೆಜ್ಜೆ ಇಟ್ಟರೆ ಆ ತುದಿಯ ಬೆಳಕು ಒಂದು ಚುಕ್ಕೆಯಂತೆ ಕಾಣುತ್ತದೆ, ಆದ್ದರಿಂದ ಮಕ್ಕಳಿಗೂ ಅಷ್ಟಾಗಿ ಭಯವಾಗುವುದಿಲ್ಲ. ಒಳಹೋಗುವ ಮುನ್ನ ಪಶ್ಚಿಮದ ಬಾಯಿಯ ಮೇಲಿರುವ ಕಟ್ಟಡವನ್ನು ಗಮನಿಸಿ ನೋಡಿ. ಅದು ಗಾಳಿಯಂತ್ರಗಳ ಮನೆ. ಸುರಂಗದೊಳಗೆ ಸೇರಿಕೊಳ್ಳುವ ವಾಹನಗಳ ಹೊಗೆಯನ್ನು ಚದುರಿಸಲು ಇಲ್ಲಿದ್ದ ಭಾರಿ ಫ್ಯಾನುಗಳು ಚಾವಣಿಯ ಮೇಲಿನ ಗಾಳಿಗೊಳವೆಯ ಮೂಲಕ ಶುದ್ಧ ಗಾಳಿಯನ್ನು ಉದ್ದಕ್ಕೂ ತಳ್ಳುತ್ತಿದ್ದವು. ಏಳು ಸುರಂಗಗಳಲ್ಲಿ ಇದು ಅತ್ಯಂತ ಚಿಕ್ಕದಾದ್ದರಿಂದ ಇದಕ್ಕೆ ಒಂದೇ ಬದಿಯ ಫ್ಯಾನುಮನೆ ಸಾಕಾಯಿತು. ಒಳಗೆ ನಡೆಯುವಾಗ ರಸ್ತೆಯ ನಡುವೆ ನಿಂತು ಎರಡೂ ಗೋಡೆಗಳ ಅಂತರವನ್ನು ಕಣ್ಣಳತೆಯಲ್ಲಿ ನೋಡಿ. ನಿಮ್ಮ ಒಂದು ಪಕ್ಕದಲ್ಲಿ ನ್ಯೂಯಾರ್ಕಿನ ಕಡೆಗೆ ಹೋಗುವ ಲಾರಿ, ಇನ್ನೊಂದು ಪಕ್ಕದಲ್ಲಿ ಪಿಟ್ಸ್‌ಬರ್ಗಿನ ಕಡೆಗೆ ಹೋಗುವ ಲಾರಿ ಇದ್ದಂತೆ ಊಹಿಸಿಕೊಂಡರೆ, 1968ರಲ್ಲಿ ಈ ದಾರಿಯನ್ನು ಬಿಟ್ಟದ್ದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸೈಡ್‌ಲಿಂಗ್ ಹಿಲ್ ಸುರಂಗ ಇಲ್ಲಿಂದ ಪೂರ್ವಕ್ಕೆ ಇನ್ನೂ ಹಲವು ಕಿಲೋಮೀಟರ್ ದೂರದಲ್ಲಿದೆ. ಅದರ ಸ್ವಭಾವವೇ ಬೇರೆ. ಎರಡೂ ಬದಿಗಳಲ್ಲಿ ಫ್ಯಾನುಮನೆಗಳಿವೆ, ಒಂದು ಬಾಯಿಯಲ್ಲಿ ನಿಂತವರಿಗೆ ಇನ್ನೊಂದು ತುದಿಯ ಬೆಳಕು ಕಾಣುವುದಿಲ್ಲ, ನಡುಭಾಗದಲ್ಲಿ ದೀಪ ಆರಿಸಿದರೆ ಕವಿಯುವುದು ಪೂರ್ಣ ಕತ್ತಲು. ಅಭ್ಯಾಸವಿರುವ ಸೈಕಲ್ ಸವಾರರು ಎರಡನ್ನೂ ಒಂದೇ ದಿನ ನೋಡಿ ಬರುತ್ತಾರೆ. ಆದರೆ ದೇವಸ್ಥಾನದ ಪ್ರಯಾಣದ ನಡುವೆ, ಹಿರಿಯರು ಮತ್ತು ಮಕ್ಕಳ ಜೊತೆ ಎರಡು ಮೂರು ಗಂಟೆ ಮಾತ್ರ ಇಟ್ಟುಕೊಂಡು ಬಂದವರು ರೇಸ್ ಹಿಲ್‌ನಿಂದಲೇ ಹಿಂದಿರುಗುವುದು ಸರಿ.

ಹಾಗೆ ಹಿಂದಿರುಗುವ ಮುನ್ನ ಸುರಂಗವನ್ನು ಪೂರ್ತಿ ದಾಟಿ ಪೂರ್ವದ ಬಾಯಿಯಿಂದ ಹೊರಬಂದು, ಸ್ವಲ್ಪ ದೂರ ನಡೆದು, ತಿರುಗಿ ನೋಡಿ. ಆ ಬದಿಯಲ್ಲಿ ಫ್ಯಾನುಮನೆಯಿಲ್ಲ, ಮೇಲೆ ಯಾವ ಕಟ್ಟಡವೂ ಇಲ್ಲ. ಎರಡೂ ಕಡೆ ಕಾಡು, ನಡುವೆ ಬೆಟ್ಟದ ಪಾದದಲ್ಲಿ ಒಂದು ಸರಳವಾದ ಕಮಾನು. ಎದುರಿನ ನಾಲ್ಕು ಲೇನುಗಳ ರಸ್ತೆಯು ಆ ಕಮಾನನ್ನು ಸಮೀಪಿಸುತ್ತ ಎರಡು ಲೇನುಗಳಿಗೆ ಕಿರಿದಾಗುವುದನ್ನು ಅಲ್ಲಿ ನಿಂತೇ ಕಾಣಬಹುದು.