ಬಳೆ ಚೂರು, ಮಾತ್ರೆಯ ಹಾಳೆ, ಒಂದಿಷ್ಟು ರೆಸಿನ್

ಬಣ್ಣವಿಲ್ಲದ ಗಾಜಿನ ಚೂರೊಂದನ್ನು ನೀರಿಗೆ ಹಾಕಿ ನೋಡಿ. ಅಂಚು ಸ್ವಲ್ಪ ಮಸುಕಾದರೂ ಚೂರು ಕಾಣುತ್ತಲೇ ಇರುತ್ತದೆ. ಅದನ್ನೇ ಒರೆಸಿ, ಆಗಷ್ಟೇ ಕಲಸಿದ ಇಪಾಕ್ಸಿ ರೆಸಿನ್‌ಗೆ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಪಾರದರ್ಶಕ ರಾಳಕ್ಕೆ ಹಾಕಿ. ಹೆಚ್ಚುಕಡಿಮೆ ಮಾಯವಾಗುತ್ತದೆ! ಕೆಂಪು ಅಥವಾ ಹಸಿರು ಬಳೆಯ ಚೂರಾದರೆ ಅಂಚಿನ ಹೊಳಪು ಹೋಗಿ, ಬಣ್ಣ ಮಾತ್ರ ತೇಲುತ್ತಾ ನಿಂತಂತೆ ಕಾಣುತ್ತದೆ.

ಗಾಜು ಕಣ್ಣಿಗೆ ಬೀಳುವುದು ಅದರ ಅಂಚಿನಲ್ಲಿ ಬೆಳಕು ಬಾಗುವುದರಿಂದ ಮತ್ತು ಸ್ವಲ್ಪ ಪ್ರತಿಫಲಿಸುವುದರಿಂದ. ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ವಕ್ರೀಭವನ ಸೂಚ್ಯಂಕ ಹೇಳುತ್ತದೆ. ಗಾಳಿಗೆ ಅದು 1, ನೀರಿಗೆ 1.33, ಸಾಮಾನ್ಯ ಗಾಜಿಗೆ ಸುಮಾರು 1.52. ಪಾರದರ್ಶಕ ಇಪಾಕ್ಸಿಗಳದು 1.5ರಿಂದ 1.57ರ ಆಸುಪಾಸು. ಗಾಜಿನಿಂದ ರೆಸಿನ್‌ಗೆ ದಾಟುವಾಗ ಬೆಳಕಿಗೆ ಹೆಚ್ಚೇನೂ ವ್ಯತ್ಯಾಸ ಸಿಗುವುದಿಲ್ಲ. ಅದಕ್ಕೇ ಅಂಚು ಅಳಿಸಿಹೋಗುತ್ತದೆ.

ಮನೆಯಲ್ಲಿ ಬಿದ್ದಿರುವ ವಸ್ತುಗಳಿಂದ ಓಲೆ, ಪೆಂಡೆಂಟ್, ಉಂಗುರ ಮಾಡಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದೇ ಅಂತ ನನಗನ್ನಿಸುತ್ತದೆ. ಮೇಜಿನ ಮೇಲೆ ಚೆಂದ ಕಂಡದ್ದು ರೆಸಿನ್ ಒಳಗೆ ಚೆಂದ ಕಾಣಬೇಕೆಂದಿಲ್ಲ. ಹಳೆಯ ಕನ್ನಡ ಪತ್ರಿಕೆಯ ತುಂಡನ್ನೇ ತೆಗೆದುಕೊಳ್ಳಿ. ಒಂದು ಅಕ್ಷರವನ್ನು ಕತ್ತರಿಸಿ ಓಲೆಯೊಳಗೆ ಇಡೋಣ ಎಂದುಕೊಂಡು ರೆಸಿನ್ ಹುಯ್ದರೆ, ಹಿಂಬದಿಯ ಮುದ್ರಣವೂ ಎದ್ದು ಬಂದು ಎರಡೂ ಕಲಸಿಹೋಗುತ್ತವೆ. ಬೋಂಡಾ ಕಟ್ಟಿಕೊಟ್ಟ ಪೇಪರಿನಲ್ಲಿ ಎಣ್ಣೆ ಹೀರಿದ ಜಾಗದ ಆಚೆ ಬೆಳಕು ಕಾಣುತ್ತದಲ್ಲಾ, ಇಲ್ಲಿಯೂ ಅದೇ ನಡೆಯುತ್ತದೆ. ಕಾಗದ ಬೆಳ್ಳಗೆ ಕಾಣುವುದು ನಾರುಗಳ ನಡುವೆ ಗಾಳಿ ಇರುವುದರಿಂದ. ನಾರು, ಗಾಳಿ, ಮತ್ತೆ ನಾರು ಎಂದು ಬೆಳಕು ಸಾವಿರ ಸಲ ಚದುರುತ್ತದೆ. ಗಾಳಿಯ ಜಾಗಕ್ಕೆ ರೆಸಿನ್ ಬಂದು ಕೂತರೆ ಚದುರುವಿಕೆ ನಿಲ್ಲುತ್ತದೆ, ಕಾಗದ ಅರೆಪಾರದರ್ಶಕವಾಗುತ್ತದೆ. ಬೇಡ ಎಂದರೆ ಎರಡೂ ಬದಿಗೆ ಫೆವಿಕಾಲ್ ತೆಳುವಾಗಿ ಹಚ್ಚಿ ಪೂರ್ತಿ ಒಣಗಿಸಬೇಕು. ಒಳಗಿನ ಗಾಳಿ ಒಳಗೇ ಉಳಿಯುತ್ತದೆ.

ಹತ್ತಿ ಸೀರೆಯ ತುಂಡಿಗೂ ಇದೇ ಗತಿ. ಒದ್ದೆಯಾದ ಬಟ್ಟೆಯ ಹಾಗೆ ಬಣ್ಣ ಗಾಢವಾಗುತ್ತದೆ, ನೇಯ್ಗೆ ಮಸುಕಾಗುತ್ತದೆ. ಆದರೆ ಜರಿ ಹಾಗಲ್ಲ. ಅದರ ಮೇಲಿನ ಲೋಹದ ಪದರ ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಎಸೆಯುತ್ತದೆ, ಹಾಗಾಗಿ ರೆಸಿನ್ ಒಳಗೂ ಹೊಳೆಯುತ್ತದೆ. ಹರಿದ ಸೀರೆಯ ಅಂಚು ಓಲೆಗೆ ಚೆನ್ನಾಗಿ ಒಗ್ಗುವುದಕ್ಕೆ ಇದೇ ಕಾರಣ.

ಬಳೆ ಚೂರಿನ ಹೊಳಪನ್ನೂ ಹೀಗೆಯೇ ವಾಪಸ್ ತರಬಹುದು. ಕುಂದಣದ ಕೆಲಸದಲ್ಲಿ ಕಲ್ಲಿನ ಹಿಂದೆ ತೆಳುವಾದ ಲೋಹದ ಹಾಳೆ ಇಡುತ್ತಾರೆ. ಕಲ್ಲಿನೊಳಗೆ ಹೊಕ್ಕ ಬೆಳಕು ಹಾಳೆಗೆ ಬಡಿದು ಹಿಂದಿರುಗುತ್ತದೆ, ಬಣ್ಣವನ್ನು ಎರಡು ಸಲ ಹಾಯುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಖಾಲಿ ಮಾತ್ರೆ ಪಟ್ಟಿಯ ಬೆಳ್ಳಿ ಬಣ್ಣದ ಹಾಳೆ ಸಾಕು. ಹಿಂದೆ ಅದನ್ನಿಟ್ಟು, ಮೇಲೆ ಬಳೆ ಚೂರು ಜೋಡಿಸಿ, ರೆಸಿನ್ ಹುಯ್ಯಿರಿ. ಸುಮ್ನೆ ಚೂರು ಮುಳುಗಿಸಿದ್ದಕ್ಕೂ ಇದಕ್ಕೂ ಅಜಗಜಾಂತರ.

ಇನ್ನು ರೆಸಿನ್ ವಿಷಯ. ಪೆಟ್ಟಿಗೆಯಲ್ಲಿ ಎರಡು ಬಾಟಲಿ ಬರುತ್ತವೆ, ಒಂದು ರೆಸಿನ್, ಇನ್ನೊಂದು ಹಾರ್ಡನರ್. ರೆಸಿನ್ ಅಣುವಿನ ಎರಡೂ ತುದಿಯಲ್ಲಿ ಒಂದೊಂದು ಪುಟ್ಟ ತ್ರಿಕೋನ ಇರುತ್ತದೆ. ಎರಡು ಇಂಗಾಲ, ಒಂದು ಆಮ್ಲಜನಕ ಸೇರಿ ಆದದ್ದು. ಇಂಗಾಲದ ಬಂಧಗಳಿಗೆ ಸುಮಾರು 109 ಡಿಗ್ರಿ ಕೋನ ಹಿತ. ಈ ತ್ರಿಕೋನದಲ್ಲಿ ಅವು 60 ಡಿಗ್ರಿಗೆ ಬಿಗಿದು ಕೂತಿರುತ್ತವೆ, ಬಿಚ್ಚಿಕೊಳ್ಳಲು ಕಾಯುತ್ತಿರುತ್ತವೆ. ಹಾರ್ಡನರ್‌ನಲ್ಲಿ ಅಮೈನ್ ಎಂಬ ಸಾರಜನಕದ ಸಂಯುಕ್ತ ಇದೆ. ಸಾರಜನಕಕ್ಕೆ ಅಂಟಿಕೊಂಡ ಒಂದೊಂದು ಹೈಡ್ರೋಜನ್ನೂ ಒಂದೊಂದು ತ್ರಿಕೋನವನ್ನು ಬಿಚ್ಚಬಲ್ಲದು. ಬಿಚ್ಚಿದ ಜಾಗದಲ್ಲಿ ಸಾರಜನಕ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಒಂದು ಅಣು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸೇರುತ್ತಾ, ಎಲ್ಲ ದಿಕ್ಕಿಗೂ ಹರಡಿದ ಒಂದೇ ಜಾಲವಾಗುತ್ತದೆ. ನೀವು ತೊಟ್ಟ ಓಲೆಯ ರೆಸಿನ್ ಭಾಗ ಬಹುಮಟ್ಟಿಗೆ ಒಂದೇ ದೈತ್ಯ ಅಣು!

ಇದು ಗೊತ್ತಿದ್ದರೆ ಅಳತೆಯ ಬಗ್ಗೆ ಯಾಕಿಷ್ಟು ಹಟ ಹಿಡಿಯಬೇಕು ಎಂಬುದೂ ಅರ್ಥವಾಗುತ್ತದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವವರಿದ್ದಾರೆ. ಅದರಿಂದ ಉಪಯೋಗವಿಲ್ಲ. ಹಾರ್ಡನರ್ ಇಲ್ಲಿ ಹೊರಗೆ ನಿಂತು ಕೆಲಸ ಮಾಡಿಸುವ ವಸ್ತುವಲ್ಲ, ಜಾಲದ ಒಂದು ಪಾಲೇ ಅದು. ಹೆಚ್ಚಾದ ಹಾರ್ಡನರ್‌ಗೆ ಜೊತೆ ಸಿಗುವುದಿಲ್ಲ, ಅದು ಒಳಗೇ ಅಂಟಂಟಾಗಿ ಉಳಿಯುತ್ತದೆ. ಕಡಿಮೆಯಾದರೆ ರೆಸಿನ್ ಅಣುಗಳು ಒಂಟಿಯಾಗುತ್ತವೆ. ಎರಡೂ ಮೈಗೆ ತಾಗಬಾರದ ವಸ್ತುಗಳು.

ಇಲ್ಲೊಂದು ಸೂಕ್ಷ್ಮ ಇದೆ. ಬಾಟಲಿಯ ಮೇಲೆ 2:1 ಎಂದಿದ್ದರೆ ಅದು ಗಾತ್ರದ ಲೆಕ್ಕವೋ ತೂಕದ ಲೆಕ್ಕವೋ ನೋಡಲೇಬೇಕು. ಸಾಮಾನ್ಯವಾಗಿ ರೆಸಿನ್‌ನ ಸಾಂದ್ರತೆ ಹಾರ್ಡನರ್‌ಗಿಂತ ಹೆಚ್ಚು. 20 ಮಿಲಿಲೀಟರ್ ರೆಸಿನ್ 22 ಗ್ರಾಂಗಿಂತ ಜಾಸ್ತಿ ತೂಗಬಹುದು, 10 ಮಿಲಿಲೀಟರ್ ಹಾರ್ಡನರ್ 10 ಗ್ರಾಂ ಅಥವಾ ಅದಕ್ಕೂ ಕಡಿಮೆ. ಗಾತ್ರದ ಲೆಕ್ಕವನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ಹಾರ್ಡನರ್ ಹೆಚ್ಚಾಗಿಬಿಡುತ್ತದೆ. ಒಡವೆಗೆ ಬೇಕಾಗುವುದು ಹತ್ತಿಪ್ಪತ್ತು ಗ್ರಾಂ ಅಷ್ಟೇ. ಇಷ್ಟು ಸಣ್ಣ ಪ್ರಮಾಣದಲ್ಲಿ ಒಂದು ಗ್ರಾಂ ಆಚೀಚೆ ಆದರೂ ದೊಡ್ಡ ತಪ್ಪೇ. ತಯಾರಕರು ತೂಕದ ಪ್ರಮಾಣ ಕೊಟ್ಟಿದ್ದರೆ, 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಅದನ್ನೇ ಅನುಸರಿಸಿ.

ತ್ರಿಕೋನ ಬಿಚ್ಚಿದಾಗಲೆಲ್ಲ ಶಾಖ ಹೊರಬರುತ್ತದೆ. ಶಾಖದಿಂದ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ಸ್ಥೂಲವಾಗಿ, 10 ಡಿಗ್ರಿ ಏರಿದರೆ ವೇಗ ಎರಡು ಪಟ್ಟು. ಅಚ್ಚಿನಲ್ಲಿ ತೆಳುವಾಗಿ ಹರಡಿದ ರೆಸಿನ್ ತನ್ನ ಶಾಖವನ್ನು ಗಾಳಿಗೆ ಬಿಟ್ಟು ತಣ್ಣಗಿರುತ್ತದೆ. ಅದನ್ನೇ ಲೋಟದಲ್ಲಿ 100 ಗ್ರಾಂ ಕಲಸಿಟ್ಟು ಮರೆತರೆ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿ, ಕೆಲವೊಮ್ಮೆ ಹೊಗೆಯೂ ಬರುತ್ತದೆ. ಏಪ್ರಿಲ್‌ನ ರಾಯಚೂರಿನಲ್ಲಿ ಸಿಗುವ ಸಮಯ ಡಿಸೆಂಬರ್‌ನ ಮಡಿಕೇರಿಯಲ್ಲಿ ಸಿಗುವುದಕ್ಕಿಂತ ತುಂಬಾ ಕಡಿಮೆ. ಬಾಟಲಿಯ ಮೇಲೆ ಬರೆದ ನಿಮಿಷಗಳು ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸಿನ ಲೆಕ್ಕ.

ಚಳಿಯಲ್ಲಿ ರೆಸಿನ್ ಮಂದವಾಗಿ, ಕಲಸುವಾಗ ಸೇರಿದ ಗುಳ್ಳೆಗಳು ಮೇಲೇಳುವುದೇ ಇಲ್ಲ. ಕಲಸುವ ಮೊದಲು ರೆಸಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ತೆಳುವಾಗುತ್ತದೆ. ನಿಧಾನವಾಗಿ, ಲೋಟದ ಗೋಡೆ ಕೆರೆಯುತ್ತಾ ಕಲಸಿ. ಉಳಿದ ಗುಳ್ಳೆಗಳನ್ನು ಚುಚ್ಚಿ ಒಡೆಯಲು ಊದುಬತ್ತಿಯ ಬರಿ ಕಡ್ಡಿ ಸಾಕು. ಆದರೆ ತೆಂಗಿನ ಚಿಪ್ಪು, ಪೆನ್ಸಿಲ್ ಹೆರೆದ ಸಿಪ್ಪೆ, ಮೊಟ್ಟೆಯ ಚಿಪ್ಪು ಇಂಥವು ತಮ್ಮ ರಂಧ್ರಗಳಿಂದ ಗಂಟೆಗಟ್ಟಲೆ ಗಾಳಿ ಬಿಡುತ್ತಿರುತ್ತವೆ. ಅವಕ್ಕೆ ಮೊದಲು ರೆಸಿನ್ ತೆಳುವಾಗಿ ಬಳಿದು ಗಟ್ಟಿಯಾಗಲು ಬಿಟ್ಟು, ಆಮೇಲೆ ಮುಳುಗಿಸಬೇಕು. ಹೂವಿನ ದಳಗಳ ಶತ್ರು ನೀರು. ಪೂರ್ತಿ ಒಣಗದಿದ್ದರೆ ಒಳಗೇ ಕಂದುಬಣ್ಣಕ್ಕೆ ತಿರುಗುತ್ತವೆ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟು, ದಳಗಳ ಜೊತೆ ಬಿಗಿ ಡಬ್ಬದಲ್ಲಿ ಮುಚ್ಚಿಟ್ಟರೆ ಅದೇ ಒಣಗಿಸುತ್ತದೆ. ನೀಲಿ ಹರಳಿನ ಪೊಟ್ಟಣ ಬೇಡ, ಆ ನೀಲಿ ಸಾಮಾನ್ಯವಾಗಿ ಕೋಬಾಲ್ಟ್ ಲವಣದ್ದು, ಅದು ವಿಷಕಾರಿ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೊಂದು ಕಾಟ ಎದುರಿಸುತ್ತಾರೆ. ಗಟ್ಟಿಯಾದ ಒಡವೆಯ ಮೇಲೆ ಜಿಡ್ಡಿನಂಥ ಮಸುಕು ಪದರ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಅಮೈನ್ ಸೇರಿ ಆದದ್ದು ಅದು. ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆಯದೆ ಮೇಲೆ ಇನ್ನೊಂದು ಪದರ ಹುಯ್ದರೆ ಮಾತ್ರ ಎರಡೂ ಅಂಟುವುದಿಲ್ಲ.

ಅಚ್ಚಿಗೆ ದುಡ್ಡು ಖರ್ಚು ಮಾಡುವ ಮೊದಲು ಕಸದ ಬುಟ್ಟಿ ನೋಡಿ. ಇಪಾಕ್ಸಿ ಬಹುತೇಕ ಎಲ್ಲಕ್ಕೂ ಅಂಟುತ್ತದೆ, ಆದರೆ ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್‌ಗೆ ಅಂಟುವುದಿಲ್ಲ. ಅವುಗಳ ಅಣುಗಳಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಡಬ್ಬದ ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಅಥವಾ 4 ಎಂದಿದ್ದರೆ ಪಾಲಿಥಿನ್. ಬಾಟಲಿಯ ಮುಚ್ಚಳಗಳೂ ಹೆಚ್ಚಾಗಿ ಇವೇ ಪ್ಲಾಸ್ಟಿಕ್, ದುಂಡು ಪೆಂಡೆಂಟ್‌ಗೆ ಹೇಳಿ ಮಾಡಿಸಿದಂತಿರುತ್ತವೆ.

ಈಗ ನಾನು ಮುಖ್ಯವಾಗಿ ಹೇಳಬೇಕಿರುವ ಮಾತಿಗೆ ಬರುತ್ತೇನೆ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚುವುದು ಅರಗಿನಿಂದ. ಅರಗೂ ರಾಳವೇ, ಒಂದು ಪುಟ್ಟ ಕೀಟ ಸ್ರವಿಸುವ ರಾಳ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಕರಗಿ ಹರಡುತ್ತದೆ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಅರಗಿನ ಬಳೆಯನ್ನು ಕೈಗೆ ತಕ್ಕಂತೆ ಬಿಸಿ ಮಾಡಿ ಹಿಗ್ಗಿಸುವುದು ಹೀಗೆಯೇ. ಇಪಾಕ್ಸಿಗೆ ಆ ದಾರಿ ಮುಚ್ಚಿದೆ. ಜಾಲ ಒಮ್ಮೆ ಬೆಸೆದರೆ ಕಾಯಿಸಿದರೂ ಕರಗುವುದಿಲ್ಲ, ಇನ್ನೂ ಕಾಯಿಸಿದರೆ ಸುಟ್ಟು ಕರಿಯಾಗುತ್ತದೆ. 1907ರಲ್ಲಿ ಅಮೆರಿಕದಲ್ಲಿ ಲಿಯೋ ಬೇಕ್ಲಂಡ್ ರೂಪಿಸಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ ಕೂಡ ಇದೇ ಜಾತಿ. ಅದರ ಬಳೆ, ಪದಕಗಳು 1930ರ ಹೊತ್ತಿಗೆ ಅಲ್ಲಿ ದೊಡ್ಡ ಫ್ಯಾಷನ್, ಇವತ್ತಿಗೂ ಹಾಗೇ ಉಳಿದಿವೆ. ಇಪಾಕ್ಸಿ ಬಂದದ್ದು ಅದರ ನಂತರ. ಹಲ್ಲಿನ ಚಿಕಿತ್ಸೆಗೆ ಹೊಸ ವಸ್ತು ಹುಡುಕುತ್ತಿದ್ದ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟನ್ 1930ರ ದಶಕದಲ್ಲಿ ಅದನ್ನು ರೂಪಿಸಿದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಟ್ಯೂಬಾಗಿ ಸಿಗುವ ಅರಾಲ್ಡೈಟ್ ಆ ಸಂಶೋಧನೆಯ ಫಲ.

ಹಾಗಾದರೆ ರೆಸಿನ್ ಒಡವೆ ಮರುಬಳಕೆಯಾ? ರೆಸಿನ್ ಒಳಗೆ ಹೋದ ವಸ್ತು ಮತ್ತೆ ಬಿಡುಗಡೆಯಾಗುವುದಿಲ್ಲ. ಅಲ್ಯೂಮಿನಿಯಂ ಕ್ಯಾನಿನ ತುಂಡು, ನೀರಿನ ಬಾಟಲಿಯ ಪ್ಲಾಸ್ಟಿಕ್ ಇವನ್ನೆಲ್ಲ ಗುಜರಿಯವರು ಕೊಳ್ಳುತ್ತಾರೆ, ಅವು ಕರಗಿ ಮತ್ತೆ ಹೊಸ ವಸ್ತುವಾಗುತ್ತವೆ. ಅವನ್ನು ಇಪಾಕ್ಸಿಯಲ್ಲಿ ಹುಗಿದರೆ ನಾವೇ ಆ ಸರಪಳಿ ಕಡಿದ ಹಾಗೆ. ನನ್ನ ಮಟ್ಟಿಗೆ, ಬೇರೆ ದಾರಿ ಇಲ್ಲದ ವಸ್ತುಗಳಿಗೆ ಮಾತ್ರ ರೆಸಿನ್ ಸಲ್ಲಬೇಕು. ಮನೆಯಲ್ಲಿ ಒಡೆದ ನಾಲ್ಕು ಬಳೆ ಚೂರನ್ನು ಯಾರೂ ಕೊಳ್ಳುವುದಿಲ್ಲ, ಕಸದಲ್ಲಿ ಹಾಕಿದರೆ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಮಾತ್ರೆ ಪಟ್ಟಿಯಲ್ಲಿ ಲೋಹ, ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೇರ್ಪಡಿಸುವುದು ಕಷ್ಟ. ನಿಂತುಹೋದ ಕೈಗಡಿಯಾರದ ಹಲ್ಲುಚಕ್ರಗಳು, ಜೊತೆ ಕಳೆದುಕೊಂಡ ಗುಂಡಿಗಳು, ದರ್ಜಿ ಅಂಗಡಿಯ ಬೆರಳಗಲದ ಚೂರುಗಳು ಒಳ್ಳೆಯ ಆಯ್ಕೆ. ಅಚ್ಚಿನಲ್ಲಿ ವಸ್ತುವನ್ನು ಒತ್ತೊತ್ತಾಗಿ ತುಂಬಿ. ಹೊಸ ರೆಸಿನ್ ಕಡಿಮೆ ಸಾಕು, ಶಾಖವೂ ಕಡಿಮೆ.

ಹಳೆಯ ರೇಡಿಯೋ, ಫೋನಿನ ಹಸಿರು ಸರ್ಕ್ಯೂಟ್ ಬೋರ್ಡ್ ತುಂಬಾ ಜನರಿಗೆ ಇಷ್ಟ. ಆ ಬೋರ್ಡ್ ಸಾಮಾನ್ಯವಾಗಿ ಗಾಜಿನ ನಾರಿನ ಬಟ್ಟೆಗೆ ಇಪಾಕ್ಸಿಯನ್ನೇ ಕುಡಿಸಿ ಮಾಡಿದ್ದು. ರೆಸಿನ್ ತನ್ನ ಬಂಧುವಿನ ಜೊತೆ ಚೆನ್ನಾಗಿ ಬೆಸೆಯುತ್ತದೆ. ಆದರೆ ಅದನ್ನು ಮನೆಯಲ್ಲಿ ಗರಗಸದಿಂದ ಕೊಯ್ಯಬೇಡಿ, ಉಜ್ಜಬೇಡಿ. ಗಾಜಿನ ನಾರಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಹಳೆಯ ಬೆಸುಗೆಯಲ್ಲಿ ಸೀಸ ಇರುತ್ತದೆ. ಬೋರ್ಡಿಗೆ ಹಾಕುವ ರೆಸಿಸ್ಟರ್ ಎಂಬ ಪಟ್ಟೆಪಟ್ಟೆ ಬಣ್ಣದ ಹೊಸ ಬಿಡಿಭಾಗಗಳು ರಿಪೇರಿ ಅಂಗಡಿಯಲ್ಲಿ ಬಿಡಿಯಾಗಿ ಉಳಿದಿರುತ್ತವೆ, ಅವು ಸಾಕು. ಬ್ಯಾಟರಿಯನ್ನಂತೂ, ಎಷ್ಟೇ ಪುಟ್ಟದಾದರೂ, ರೆಸಿನ್ ಒಳಗೆ ಇಡಬಾರದು.

ಕೈಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಗಟ್ಟಿಯಾಗದ ಇಪಾಕ್ಸಿ ಮತ್ತು ಹಾರ್ಡನರ್ ಚರ್ಮದ ಅಲರ್ಜಿ ತರಬಲ್ಲವು. ಮೊದಲ ಸಲ ತಾಗಿದಾಗ ಏನೂ ಆಗದಿರಬಹುದು. ದೇಹ ಒಮ್ಮೆ ಗುರುತಿಟ್ಟುಕೊಂಡರೆ ಮಾತ್ರ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ, ಹನಿ ತಾಗಿದರೂ ತುರಿಕೆ, ಗುಳ್ಳೆ. ಅದಕ್ಕೇ ನೈಟ್ರೈಲ್ (ಒಂದು ಕೃತಕ ರಬ್ಬರ್) ಕೈಗವಸು, ತೆರೆದ ಕಿಟಕಿ ಮೊದಲ ದಿನದಿಂದಲೇ ಇರಲಿ. ಮೈಗೆ ತಾಗಿದರೆ ಥಿನ್ನರ್ ಹಚ್ಚಬೇಡಿ, ಅದು ರೆಸಿನ್ನನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಒರೆಸಿ, ಸೋಪು ಹಾಕಿ ತೊಳೆಯಿರಿ. ಕಲಸಿದ ಲೋಟ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಮುಟ್ಟಲು ಗಟ್ಟಿ ಅನಿಸಿದ ತಕ್ಷಣ ಓಲೆಯನ್ನು ತೊಡಬೇಡಿ. ಒಳಗಿನ ಬೆಸುಗೆ ಇನ್ನೂ ಮುಂದುವರಿಯುತ್ತಿರುತ್ತದೆ, ತಯಾರಕರು ಹೇಳಿದಷ್ಟು ದಿನ ಕಾಯಿರಿ.

ಆಮೇಲೆ ಉಜ್ಜುವ ಕೆಲಸ. ಎಮರಿ ಪೇಪರನ್ನು ನೀರಿನಲ್ಲಿ ಅದ್ದಿಯೇ ಉಜ್ಜಬೇಕು, ಆಗ ದೂಳು ಹಾರುವುದಿಲ್ಲ. ಮೊದಲು 400 ನಂಬರಿನದು, ಆಮೇಲೆ 800, 1500, 2000. ಮೊದಲು ಮಂಜು ಕವಿದಂತಾಗುವುದು ಕಂಡು ಹೆದರುವುದು ಬೇಡ. ಗೀರುಗಳು ಬೆಳಕನ್ನು ಚದುರಿಸುತ್ತವೆ, ಸಣ್ಣದಾಗುತ್ತಾ ಹೋದಂತೆ ಪಾರದರ್ಶಕತೆ ಮರಳುತ್ತದೆ. ಸಿದ್ಧವಾದ ಒಡವೆಯನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಕರಗದಿದ್ದರೂ, ಮನೆಯ ಉಷ್ಣತೆಯಲ್ಲಿ ಗಟ್ಟಿಯಾದ ಎಷ್ಟೋ ಇಪಾಕ್ಸಿಗಳು 50-60 ಡಿಗ್ರಿ ಹೊತ್ತಿಗೆ ಮೆತ್ತಗಾಗಿ ಬಾಗುತ್ತವೆ. ನೇರಳಾತೀತ ಕಿರಣಕ್ಕೆ ಹಳದಿಯೂ ಆಗುತ್ತವೆ.

ಲೋಟದ ತಳದಲ್ಲಿ ಉಳಿದ ರೆಸಿನ್ನನ್ನು ಬಚ್ಚಲಿಗೆ ಚೆಲ್ಲಬೇಡಿ, ಅಲ್ಲೇ ಗಟ್ಟಿಯಾಗಲು ಬಿಡಿ. ಲೋಟ ಪಾಲಿಪ್ರೊಪಿಲೀನ್‌ದಾದರೆ ಹಿಂಡಿದಾಗ ಬಿಲ್ಲೆಯಂತೆ ಎದ್ದು ಬರುತ್ತದೆ. ಅದನ್ನು, ಅಚ್ಚಿನ ಅಂಚಿನಿಂದ ಕತ್ತರಿಸಿದ ತುಂಡುಗಳನ್ನು, ಕೆಟ್ಟುಹೋದ ಓಲೆಯನ್ನು ಒಂದು ಡಬ್ಬದಲ್ಲಿ ಹಾಕುತ್ತಾ ಬನ್ನಿ. ಕರಗಿಸಲು ಆಗದಿದ್ದರೂ, ಮೇಲ್ಮೈ ಸ್ವಲ್ಪ ಒರಟು ಮಾಡಿದರೆ ಹೊಸ ರೆಸಿನ್ ಅವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎರಡರ ವಕ್ರೀಭವನ ಸೂಚ್ಯಂಕವೂ ಒಂದೇ. ಬಣ್ಣವಿಲ್ಲದ ಹಳೆಯ ತುಂಡು ಒಳಗೆ ಕಾಣುವುದೇ ಇಲ್ಲ, ಅಚ್ಚಿನ ಅರ್ಧ ಜಾಗವನ್ನು ಅದರಿಂದಲೇ ತುಂಬಬಹುದು.