ಜೆರಾಕ್ಸ್ ಪ್ರತಿಯ ಮೇಲಿರುವುದು ಶಾಯಿಯಲ್ಲ

ಬಿಸಿ ಬಜ್ಜಿಯನ್ನು ನ್ಯೂಸ್ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದವರೆಲ್ಲ ನೋಡಿರುತ್ತೀರಿ. ಪೊಟ್ಟಣ ಬಿಚ್ಚಿದರೆ ಬಜ್ಜಿಯ ಮೇಲೆ ಅಲ್ಲಲ್ಲಿ ಕಪ್ಪು ಗುರುತು. ಪತ್ರಿಕೆಯ ಶಾಯಿ ಎಂದರೆ ಎಣ್ಣೆಯಲ್ಲಿ ಕಲಸಿದ ಮಸಿ. ಅದು ಕಾಗದದೊಳಗೆ ಇಂಗಿ ಒಣಗಿದಂತೆ ಕಾಣುತ್ತದೆ, ಆದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಬಿಸಿ ಎಣ್ಣೆ ತಾಗಿದ ಕೂಡಲೇ ಎದ್ದು ಬರುತ್ತದೆ. ಹೀಗೆ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿತ್ತು. ಸರಿಯಾದ ಮಾತು. ಆದರೆ ಹೊಟ್ಟೆಗೆ ಆಗದ ಈ ಗುಣ ಚಿತ್ರ ಮಾಡುವವರಿಗೆ ಬೇಕು. ಅಚ್ಚಾದ ಚಿತ್ರವನ್ನು ಕಾಗದದಿಂದ ಬಿಡಿಸಿ ಮರಕ್ಕೋ ಬಟ್ಟೆಗೋ ಕ್ಯಾನ್ವಾಸಿಗೋ ಇಳಿಸುವ ಈ ಕೆಲಸಕ್ಕೆ ಇಮೇಜ್ ಟ್ರಾನ್ಸ್‌ಫರ್ ಎನ್ನುತ್ತಾರೆ. ಬಣ್ಣ, ಬಟ್ಟೆ, ದಾರ, ಫೋಟೊ ಎಲ್ಲ ಒಂದೇ ಹಲಗೆಯ ಮೇಲೆ ಸೇರುವ ಮಿಕ್ಸೆಡ್ ಮೀಡಿಯಾ ಕಲೆಯಲ್ಲಿ ಇದಕ್ಕೆ ಬಲು ಬೇಡಿಕೆ.

ನಾನು ಇದಕ್ಕೆ ಕೈ ಹಾಕಿದ್ದು ಅತ್ತೆಯ ಹಳೇ ಲಗ್ನಪತ್ರಿಕೆ ಸಿಕ್ಕಾಗ. ಮೇಲೆ ಗಣಪತಿ, ಕೆಳಗೆ ಸಕುಟುಂಬ ಸಮೇತರಾಗಿ ಬರಬೇಕೆಂಬ ಒಕ್ಕಣೆ. ಅದನ್ನು ಮರದ ಹಲಗೆಗೆ ಇಳಿಸಿ, ಸುತ್ತ ಅತ್ತೆಯ ಹರಿದ ಸೀರೆಯ ಅಂಚು ಅಂಟಿಸಬೇಕು ಅಂತ ಆಸೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದೆ. ಹಲಗೆಗೆ ಅಕ್ರಿಲಿಕ್ ಜೆಲ್ ಎಂಬ ಅಂಟಿನಂಥ ಲೇಪ ಬಳಿದು, ಪ್ರಿಂಟನ್ನು ಬೋರಲು ಹಾಕಿ ಒತ್ತಿ, ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ನೀರು ಹಾಕಿ ಕಾಗದ ಉಜ್ಜಿದರೆ ಗಣಪತಿಯೂ ಇಲ್ಲ, ಮುಹೂರ್ತವೂ ಇಲ್ಲ. ನೇರಳೆ ಬಣ್ಣದ ರಾಡಿ ಅಷ್ಟೇ.

ತಪ್ಪು ಜೆಲ್ಲಿನದಲ್ಲ, ನನ್ನದು. ಮನೆಗಳಲ್ಲಿರುವ ಬಹುಪಾಲು ಇಂಕ್‌ಜೆಟ್‌ಗಳ ಬಣ್ಣ ನೀರಿನಲ್ಲಿ ಕರಗುವಂಥದ್ದು. ಕಾಗದದ ನಾರಿನೊಳಗೆ ಇಳಿದು ಕೂತಿರುತ್ತದೆ. ಜೆಲ್ಲಿನಲ್ಲೂ ನೀರಿದೆ, ಉಜ್ಜುವಾಗಲೂ ನೀರು. ಉಳಿಯುವುದು ಹೇಗೆ?

ಜೆರಾಕ್ಸ್ ಮತ್ತು ಲೇಸರ್ ಪ್ರಿಂಟಿನ ಕತೆಯೇ ಬೇರೆ. ಅದರ ಮೇಲಿರುವುದು ಶಾಯಿಯೇ ಅಲ್ಲ, ಪ್ಲಾಸ್ಟಿಕ್! ಟೋನರ್ ಎಂಬ ಆ ಪುಡಿಯ ಒಂದೊಂದು ಕಣವೂ ಸುಮಾರು 5ರಿಂದ 10 ಮೈಕ್ರಾನ್. ನಮ್ಮ ಕೂದಲಿನ ದಪ್ಪದ ಹತ್ತನೇ ಒಂದು ಪಾಲು ಎನ್ನಿ. ಕಣದ ಹೆಚ್ಚಿನ ಭಾಗ ಪಾಲಿಯೆಸ್ಟರ್ ಅಥವಾ ಸ್ಟೈರೀನ್-ಅಕ್ರಿಲೇಟ್ ಎಂಬ ಪ್ಲಾಸ್ಟಿಕ್. ಬಣ್ಣಕ್ಕೆ ಒಂದಿಷ್ಟು ಕಾರ್ಬನ್ ಮಸಿ. ಯಂತ್ರದೊಳಗೆ ಸ್ಥಿರ ವಿದ್ಯುತ್ತು ಈ ಪುಡಿಯನ್ನು ಅಕ್ಷರದ ಆಕಾರಕ್ಕೆ ಎಳೆದು ಕೂರಿಸುತ್ತದೆ. ಕೊನೆಗೆ ಸುಮಾರು 200 ಡಿಗ್ರಿ ಬಿಸಿಯ ಉರುಳೆ ಅದನ್ನು ಕರಗಿಸಿ ಕಾಗದಕ್ಕೆ ಒತ್ತುತ್ತದೆ. ಅಂಗಡಿಯಿಂದ ಈಗಷ್ಟೇ ತಂದ ಪ್ರತಿ ಬೆಚ್ಚಗಿರುವುದು ಅದಕ್ಕೇ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಅಕ್ಷರಗಳು ಕೊಂಚ ಉಬ್ಬಿ ಹೊಳೆಯುತ್ತವೆ. ಅನುಮಾನವಿದ್ದರೆ ಒದ್ದೆ ಬೆರಳಲ್ಲಿ ತಿಕ್ಕಿ. ಟೋನರ್ ಆಗಿದ್ದರೆ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ತಮಾಷೆ ಏನೆಂದರೆ, ಮೊಟ್ಟಮೊದಲ ಜೆರಾಕ್ಸೇ ಒಂದು ಟ್ರಾನ್ಸ್‌ಫರ್ ಆಗಿತ್ತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವನ ಸಹಾಯಕ ಓಟೊ ಕೊರ್ನೈ ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿದರು. ಅದರಲ್ಲಿ ವಿದ್ಯುತ್ತು ತುಂಬಿಕೊಂಡಿತು. ಆ ದಿನದ ತಾರೀಖು, ಊರಿನ ಹೆಸರು ಬರೆದ ಗಾಜನ್ನು ಮೇಲಿಟ್ಟು ದೀಪ ಹಿಡಿದರು. ಬೆಳಕು ಬಿದ್ದ ಕಡೆ ವಿದ್ಯುತ್ತು ಇಳಿದುಹೋಯಿತು, ಅಕ್ಷರದ ನೆರಳಲ್ಲಿ ಉಳಿಯಿತು. ಲೈಕೋಪೋಡಿಯಂ ಎಂಬ ಸಸ್ಯದ ಬೀಜಕಗಳ ನುಣ್ಣನೆ ಪುಡಿ ಉದುರಿಸಿ ಊದಿದಾಗ ಅಕ್ಷರಗಳು ಕಂಡವು. ಆಮೇಲೆ ಮೇಣದ ಕಾಗದ ಒತ್ತಿ, ಪುಡಿಯನ್ನು ಅದಕ್ಕೆ ಎತ್ತಿಕೊಂಡರು. ಅಂದರೆ ಈ ಪುಡಿ ಹುಟ್ಟಿದಾಗಿನಿಂದಲೂ ಮನೆ ಬದಲಾಯಿಸುತ್ತಲೇ ಇದೆ.

ಟೋನರ್ ಪ್ಲಾಸ್ಟಿಕ್ ಅಂತ ತಿಳಿದ ಮೇಲೆ ಎಲ್ಲ ವಿಧಾನಗಳ ಗುಟ್ಟೂ ಬಿಟ್ಟುಕೊಂಡಂತೆ. ಪ್ಲಾಸ್ಟಿಕ್ಕನ್ನು ಕಾಯಿಸಿ ಮೆತ್ತಗೆ ಮಾಡಬಹುದು, ದ್ರಾವಕದಲ್ಲಿ ಕರಗಿಸಬಹುದು, ಇಲ್ಲವೇ ಇನ್ನೊಂದು ಪ್ಲಾಸ್ಟಿಕ್ಕಿಗೆ ಅಂಟಿಸಬಹುದು.

ಕಾಯಿಸುವುದನ್ನು ಎಂಜಿನಿಯರಿಂಗ್ ಹುಡುಗರು ಹಾಸ್ಟೆಲ್ಲಿನಲ್ಲೇ ಕಲಿಯುತ್ತಾರೆ. ಸರ್ಕ್ಯೂಟಿನ ಚಿತ್ರವನ್ನು ನುಣುಪು ಕಾಗದಕ್ಕೆ ಲೇಸರ್ ಪ್ರಿಂಟ್ ಹಾಕಿಸಿ, ತಾಮ್ರದ ಬೋರ್ಡಿನ ಮೇಲೆ ಬೋರಲಿಟ್ಟು ಇಸ್ತ್ರಿ ಪೆಟ್ಟಿಗೆ ಒತ್ತುತ್ತಾರೆ. ಟೋನರ್ ತಾಮ್ರಕ್ಕೆ ಅಂಟುತ್ತದೆ. ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ಟೋನರ್ ಮುಚ್ಚಿದ ತಾಮ್ರ ಉಳಿದು, ಮಿಕ್ಕಿದ್ದು ಕರಗಿಹೋಗುತ್ತದೆ. ಮರದ ಮೇಲೂ ಇಸ್ತ್ರಿ ನಡೆಯುತ್ತದೆ, ಚಿತ್ರ ಸ್ವಲ್ಪ ಮಂಕಾಗಿ ಬರುತ್ತದೆ.

ದ್ರಾವಕದ ದಾರಿಯಲ್ಲಿ ದೊಡ್ಡ ಹೆಸರು ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್. ಪತ್ರಿಕೆಗಳ ಚಿತ್ರಗಳನ್ನು ದ್ರಾವಕದಲ್ಲಿ ತೋಯಿಸಿ, ಕಾಗದದ ಮೇಲೆ ಬೋರಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಬೆನ್ನ ಮೇಲೆ ಗೀಚುತ್ತಿದ್ದ. 1958ರಿಂದ 1960ರವರೆಗೆ ಇಟಲಿಯ ಕವಿ ಡಾಂಟೆಯ ನರಕದ ಕಾವ್ಯ 'ಇನ್ಫರ್ನೊ'ಗಾಗಿ ಹೀಗೆ 34 ಚಿತ್ರ ಮಾಡಿದ. ಪೆನ್ನು ಓಡಿದ ಗೆರೆಗಳೆಲ್ಲ ಅದರಲ್ಲಿ ಹಾಗೇ ಕಾಣುತ್ತವೆ. ನನಗಂತೂ ಆ ಚಿತ್ರಗಳ ಜೀವ ಇರುವುದೇ ಆ ಗೀಚುಗಳಲ್ಲಿ. ಅವನದು ಅಚ್ಚಿನ ಶಾಯಿ, ನಮ್ಮದು ಟೋನರ್. ಅದಕ್ಕೆ ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಸಾಕು. ಹತ್ತಿಯಲ್ಲಿ ಅದ್ದಿ, ಹಾಳೆಯ ಬೆನ್ನಿಗೆ ಸವರಿ, ಚಮಚದ ಬೆನ್ನಿನಿಂದ ತಿಕ್ಕಬೇಕು. ಜಾಸ್ತಿಯಾದರೆ ಅಕ್ಷರ ಹರಡುತ್ತದೆ, ಕಮ್ಮಿಯಾದರೆ ಏಳುವುದೇ ಇಲ್ಲ. ಕಿಟಕಿ ತೆಗೆದಿಡಿ, ಒಲೆಯ ಹತ್ತಿರ ಮಾತ್ರ ಬೇಡ, ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಕೆಲವರು ವಿಂಟರ್‌ಗ್ರೀನ್ ಎಣ್ಣೆ ಬಳಸುತ್ತಾರೆ. ನೋವಿನ ಮುಲಾಮಿನಲ್ಲಿ ಇರುತ್ತದಲ್ಲ, ಅದೇ ವಾಸನೆ. ಮನೆಯಲ್ಲಿ ಎಲ್ಲರೂ ಯಾರಿಗೆ ಸೊಂಟ ಹಿಡಿಯಿತು ಅಂತ ಕೇಳುತ್ತಾರೆ.

ಇನ್ನು ಜೆಲ್. ನನಗೆ ಹಿಡಿಸಿದ್ದು ಇದೇ. ಅಕ್ರಿಲಿಕ್ ಜೆಲ್ ಎಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಪ್ಲಾಸ್ಟಿಕ್ ಗುಂಡುಗಳು. ಬೆಳಕು ಅವುಗಳಿಗೆ ತಾಗಿ ಚದುರುವುದರಿಂದ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ನೀರು ಆರಿದಂತೆ ಗುಂಡುಗಳು ಒತ್ತೊತ್ತಾಗಿ ಬಂದು, ಅಪ್ಪಚ್ಚಿಯಾಗಿ, ಒಂದಕ್ಕೊಂದು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಆ ಪೊರೆ ಟೋನರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ನೀರು ಹಾಕಿದರೆ ಸೋಲುವುದು ಕಾಗದ ಮಾತ್ರ. ಅದರ ನಾರುಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳ ನಡುವೆ ನೀರು ನುಗ್ಗಿ ಸಡಿಲ ಮಾಡುತ್ತದೆ. ಬೆರಳಲ್ಲಿ ಮೆಲ್ಲಗೆ ಉಜ್ಜಿದರೆ ಕಾಗದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ಎಣ್ಣೆಸ್ನಾನದಲ್ಲಿ ಮೈಯ ಮಣ್ಣು ಬಂದ ಹಾಗೆ.

ಎರಡನೇ ಸಲ ಲೇಸರ್ ಪ್ರಿಂಟ್ ಬಳಸಿದೆ. ಗಣಪತಿ ಚೆನ್ನಾಗಿ ಬಂದ. ಆದರೆ ಒಕ್ಕಣೆ ಪೂರ್ತಿ ಉಲ್ಟಾ! ಬೋರಲಿಟ್ಟರೆ ಎಡ ಬಲವಾಗುತ್ತದೆ ಅನ್ನುವುದು ಹೊಳೆದೇ ಇರಲಿಲ್ಲ. 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಹೆಂಚುಬಿಲ್ಲೆಗಳಿಗೆ ಹೀಗೇ ಚಿತ್ರ ಇಳಿಸಿದ್ದಾಗಿ ಪ್ರಮಾಣಪತ್ರ ಬರೆದುಕೊಟ್ಟಿದ್ದರು. ಕೊರೆದ ಅಚ್ಚಿನಿಂದ ಕಾಗದಕ್ಕೆ, ಕಾಗದದಿಂದ ಬಿಲ್ಲೆಗೆ ಹೋಗುವಾಗ ಚಿತ್ರ ಎರಡು ಸಲ ಮಗುಚುತ್ತದೆ, ಹಾಗಾಗಿ ನೆಟ್ಟಗಾಗುತ್ತದೆ. ನನ್ನದು ಒಂದೇ ಮಗುಚು. ಮೊದಲೇ ಉಲ್ಟಾ ಮಾಡಿಸಬೇಕಿತ್ತು. ಜೆರಾಕ್ಸ್ ಅಂಗಡಿಗೆ ಹೋಗಿ ಕೇಳಿದರೆ ಹುಡುಗ, "ಉಲ್ಟಾ ಪ್ರಿಂಟಾ? ಯಾರು ಸಾರ್ ಓದ್ತಾರೆ?" ಅಂದ.

ಮೂರನೇ ಸಲ ಅಕ್ಷರವೂ ನೆಟ್ಟಗಾಯಿತು. ಒದ್ದೆಯಿದ್ದಾಗ ಚಿತ್ರ ಫಳಫಳ. ಒಣಗುತ್ತಲೇ ಮೇಲೆಲ್ಲ ಬಿಳಿ ಮಂಜು ಕವಿಯಿತು. ಕಣ್ಣಿಗೆ ಕಾಣದಷ್ಟು ನಾರು ಉಳಿದಿತ್ತು. ನಾರಿನ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ, ಅದೇ ಆ ಬಿಳುಪು. ಮತ್ತೆ ಮತ್ತೆ ಉಜ್ಜಿದರೆ ಟೋನರೂ ಏಳುತ್ತದೆ. ಅದಕ್ಕಿಂತ ತೆಳ್ಳಗೆ ವಾರ್ನಿಷ್ ಹಚ್ಚುವುದು ಜಾಣತನ. ಅದು ಗಾಳಿಯ ಜಾಗ ತುಂಬುತ್ತದೆ. ನಾರು ಮತ್ತು ವಾರ್ನಿಷ್ ಬೆಳಕನ್ನು ಬಾಗಿಸುವುದು ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ, ಹಾಗಾಗಿ ನಾರು ಮಾಯ. ಬಜ್ಜಿಯ ಎಣ್ಣೆ ತಾಗಿದ ಕಾಗದದಲ್ಲಿ ಆಚೆಯದು ಕಾಣುತ್ತದಲ್ಲ, ಅದೂ ಇದೇ ಲೆಕ್ಕ.

ನಾನು ಜಾಣನಾಗುವ ಮುಂಚೆ ಒಂದೆರಡು ಸಲ ಜೋರಾಗಿಯೇ ಉಜ್ಜಿದ್ದೆ. ಗಣಪತಿಯ ದಂತ ಎದ್ದು ಬಂತು. ಹೇಗೂ ಏಕದಂತ ಅಲ್ವಾ, ಹಾಗೇ ಬಿಟ್ಟೆ.